ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ

ಪ್ರತಿವರ್ಷ ಸೆಪ್ಟೆಂಬರ್ ೧೭ರಂದು ಬೀದರ, ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ರಾಷ್ಟ್ರಧ್ವಜ ಏರುತ್ತದೆ. ದೇಶದ ಉಳಿದ ಭಾಗಕ್ಕೆ ೧೯೪೭ರ ಆಗಸ್ಟ್ ೧೫ರಂದು ಬಂದ ಸ್ವಾತಂತ್ರ್ಯ ಈ ಜಿಲ್ಲೆಗಳನ್ನು ತಲುಪಲು ಮತ್ತೆ ಹದಿಮೂರು ತಿಂಗಳು ಬೇಕಾಯಿತು. ಆ ದಿನವನ್ನು ಮೊದಲು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಕರೆಯುತ್ತಿದ್ದರು. ೨೦೧೯ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವೆಂದಾದ ಮೇಲೆ ದಿನದ ಹೆಸರೂ ಬದಲಾಯಿತು. ಮಲೆನಾಡಿನ ಹಳ್ಳಿಗಳಲ್ಲಿ ಇದರ ಸುದ್ದಿ ಪತ್ರಿಕೆಯ ಮೂಲೆಯಲ್ಲೊಂದು ಚಿತ್ರವಾಗಿ ಬಂದು ಮರೆಯಾಗುತ್ತದೆ. ಆದರೆ ಕಾಡು, ನೀರು, ಭೂಮಿಯ ಪ್ರಶ್ನೆಗಳನ್ನು ಹಿಡಿದು ಸರಕಾರದ ಬಾಗಿಲು ತಟ್ಟುತ್ತಿರುವ ಮಲೆನಾಡಿಗರು ಬೀದರದ ಆ ಇತಿಹಾಸವನ್ನು ತಿಳಿಯಬೇಕಾದ ಕಾರಣವಿದೆ. ಆಳುವವರ ಭಾಷೆ, ಆಳುವವರ ಕಾನೂನು, ಆಳುವವರ ಕಡತಗಳ ನಡುವೆ ದನಿಯಿಲ್ಲದೆ ಬಾಳುವುದೆಂದರೇನು ಎಂಬುದಕ್ಕೆ ಕನ್ನಡಿಗರ ಅನುಭವದಲ್ಲಿ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ವಿರಳ.

ಬೀದರವೂ ಒಂದು ಎತ್ತರದ ನೆಲವೇ. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮೇಲಿರುವ ಆ ಪ್ರಸ್ಥಭೂಮಿಯ ತಲೆಯ ಮೇಲೆ, ಕರಾವಳಿ ಮತ್ತು ಮಲೆನಾಡಿನ ಜನರಿಗೆ ಚಿರಪರಿಚಿತವಾದ ಜಂಬಿಟ್ಟಿಗೆಯ ಹೊದಿಕೆಯಿದೆ. ದಕ್ಷಿಣ ಕನ್ನಡ, ಕಾಸರಗೋಡುಗಳ ರೈತರು ಗುಡ್ಡಕ್ಕೆ ಸುರಂಗ ಕೊರೆದು ನೀರು ತರುವಂತೆ, ಬಹಮನಿ ಅರಸರ ಕಾಲದಲ್ಲಿ ಬೀದರದ ನೌಬಾದಿನಲ್ಲಿ ಜಂಬಿಟ್ಟಿಗೆಯನ್ನು ಕೊರೆದು ಸುರಂಗಬಾವಿಗಳ ಸಾಲನ್ನೇ ನಿರ್ಮಿಸಿದರು. ದಖ್ಖನಿ ಭಾಷೆಯ ಅತಿ ಹಳೆಯ ಕಾವ್ಯವೆನಿಸಿದ ‘ಕದಂ ರಾವ್ ಪದಂ ರಾವ್’ ಹುಟ್ಟಿದ್ದೂ ಬಹಮನಿಗಳ ಆಸರೆಯಲ್ಲಿಯೇ. ಕನ್ನಡ, ಮರಾಠಿ, ತೆಲುಗು, ದಖ್ಖನಿ ಈ ನಾಲ್ಕೂ ಅಲ್ಲಿ ಸಂತೆಯ ಮಾತುಗಳು. ಇಂದು ನಗರಕ್ಕೆ ಸೇರಿಹೋಗಿರುವ ಮೈಲೂರದಂಥ ಊರುಗಳಲ್ಲಿಯೂ ಭಾಲ್ಕಿ, ಔರಾದಗಳ ಹಳ್ಳಿಗಳಲ್ಲಿಯೂ ಒಬ್ಬನೇ ರೈತ ಮೂರು ಭಾಷೆಗಳಲ್ಲಿ ಧಾರಣೆ ಕುದುರಿಸುವುದು ಹೊಸ ಸಂಗತಿಯಲ್ಲ. ಆದುದರಿಂದ ಆ ನಾಡಿನ ಸಂಕಟ ಹಲವು ಭಾಷೆಗಳಿದ್ದುದರಿಂದ ಬಂದುದಲ್ಲ. ಅವುಗಳಲ್ಲಿ ಒಂದನ್ನು ಮಾತ್ರ ಅಧಿಕಾರದ ಕೀಲಿಕೈಯಾಗಿ ಮಾಡಿದ್ದರಿಂದ ಬಂದುದು.

ನಿಜಾಮರ ಹೈದರಾಬಾದ್ ಸಂಸ್ಥಾನ ೮೨,೦೦೦ ಚದರ ಮೈಲಿಗೂ ಹೆಚ್ಚು ವಿಸ್ತಾರದ, ಹದಿನಾರು ಜಿಲ್ಲೆಗಳ ರಾಜ್ಯ. ಅದರ ಪ್ರಜೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಮಾತು ತೆಲುಗು, ಕಾಲು ಭಾಗದವರದು ಮರಾಠಿ. ಕನ್ನಡಿಗರೂ ಉರ್ದು ಮಾತಿನವರೂ ತಲಾ ನೂರಕ್ಕೆ ಹತ್ತು ಹನ್ನೆರಡರ ಆಸುಪಾಸಿನಲ್ಲಿದ್ದರು. ಲೆಕ್ಕದಲ್ಲಿ ಇವೆರಡು ಗುಂಪುಗಳ ನಡುವೆ ದೊಡ್ಡ ಅಂತರವಿರಲಿಲ್ಲ. ಆದರೂ ಒಂದರ ಭಾಷೆ ಕಚೇರಿ, ನ್ಯಾಯಾಲಯ, ವಿಶ್ವವಿದ್ಯಾಲಯಗಳ ಭಾಷೆಯಾಯಿತು. ಮತ್ತೊಂದರ ಭಾಷೆ ಅಡುಗೆಮನೆ ಮತ್ತು ಹೊಲದ ಬದುವಿಗೆ ಸೀಮಿತವಾಯಿತು. ಅಲ್ಪಸಂಖ್ಯಾತರೆಂದರೆ ತಲೆಯೆಣಿಕೆಯಲ್ಲಿ ಕಡಿಮೆಯಿರುವವರೆಂಬ ವಾಡಿಕೆಯ ಅರ್ಥ ಇಲ್ಲಿ ಸಾಲದು. ಬಾಯಿ ತೆರೆಯುವ ಮೊದಲು ಯಾರು ಅನುಮತಿ ಬೇಡಬೇಕಾಗುತ್ತದೆಯೋ ಅವರೇ ರಾಜಕೀಯವಾಗಿ ಅಲ್ಪಸಂಖ್ಯಾತರು.

ಆ ಅನುಮತಿ ಹೈದರಾಬಾದಿನಲ್ಲಿ ಮಾತಿನ ಅಲಂಕಾರವಾಗಿರಲಿಲ್ಲ. ೧೯೨೦ರ ದಶಕದಲ್ಲಿ ಹೊರಟ ‘ಗಸ್ತಿ ನಿಶಾನ್ ೫೩’ ಎಂಬ ಸುತ್ತೋಲೆಯ ಪ್ರಕಾರ ಸಾರ್ವಜನಿಕ ಸಭೆ ಸೇರಿಸಲು ಮುಂಚಿತವಾಗಿ ಸರಕಾರದ ಒಪ್ಪಿಗೆ ಪಡೆಯಬೇಕಿತ್ತು. ಖಾಸಗಿ ಶಾಲೆ ತೆರೆಯುವುದಕ್ಕೂ ಅನುಮತಿ ಬೇಕು. ರಾಜಕೀಯ ಸಂಘಗಳಿಗೆ ಎಡೆಯಿಲ್ಲದ ಕಾರಣ ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತುಗಳು ಭಾಷೆ, ಗ್ರಂಥಾಲಯ, ಸಾಹಿತ್ಯಗಳ ಹೆಸರಿನಲ್ಲಿ ಜನರನ್ನು ಕೂಡಿಸಿದವು. ೧೯೩೮ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸ್ಥಾಪನೆಯಾಗುವ ಮೊದಲೇ ಅದನ್ನು ನಿಷೇಧಿಸಲಾಯಿತು; ಆ ನಿಷೇಧ ತೆರವಾದುದು ೧೯೪೬ರಲ್ಲಿ. ಅದೇ ೧೯೩೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿಗೃಹಗಳಲ್ಲಿ ‘ವಂದೇ ಮಾತರಂ’ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಿದಾಗ, ಅವರಲ್ಲಿ ಅನೇಕರು ನಾಗಪುರಕ್ಕೆ ಹೋಗಿ ಓದು ಮುಗಿಸಬೇಕಾಯಿತು. ಮುಂದೆ ದೇಶದ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ೧೯೧೮ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯಶಾಸ್ತ್ರ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲಲ್ಲದೆ ಭಾರತೀಯ ಭಾಷೆಯೊಂದರಲ್ಲಿ ಕಲಿಸಬಹುದೆಂದು ತೋರಿಸಿದ ಸಂಸ್ಥೆ. ಕನ್ನಡದಲ್ಲಿ ವಿಜ್ಞಾನ ಹೇಳಲು ಇಂದಿಗೂ ಹೆಣಗುತ್ತಿರುವವರು ಆ ಸಾಧನೆಯನ್ನು ಹಗುರವಾಗಿ ಕಾಣಲಾಗದು. ದೋಷವಿದ್ದುದು ಉರ್ದುವಿನಲ್ಲಲ್ಲ. ಒಂದು ಭಾಷೆಗೆ ತೆರೆದ ಬಾಗಿಲನ್ನು ಪ್ರಜೆಗಳ ಉಳಿದ ಭಾಷೆಗಳಿಗೆ ಮುಚ್ಚಿದ್ದರಲ್ಲಿ.

ಮುಚ್ಚಿದ ಬಾಗಿಲಿನ ಹಿಂದೆ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಕನ್ನಡ ಕಲಿಸಿದ ಕಥೆಯನ್ನು ಬೀದರ ಜಿಲ್ಲೆಯ ಜನ ಈಗಲೂ ಹೇಳುತ್ತಾರೆ. ಇಂದಿನ ಕಮಲನಗರದಲ್ಲಿ ಹುಟ್ಟಿ, ನೂರು ವರುಷ ದಾಟಿ ಬದುಕಿ, ೧೯೯೯ರಲ್ಲಿ ತೀರಿಕೊಂಡ ಅವರು ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಪಾಠ ನಡೆಸಿದರು. ತನಿಖೆಗೆ ಬಂದ ಅಧಿಕಾರಿಗೆ ಕಾಣುವುದು ಫಲಕ. ಮಕ್ಕಳ ಪಾಟಿಯ ಮೇಲೆ ಮೂಡುವುದು ಕನ್ನಡದ ಅಕ್ಷರ. ಈ ಕಥೆಯನ್ನು ವೇದಿಕೆಗಳಲ್ಲಿ ಜಾಣ್ಮೆಯ ಪ್ರಸಂಗವಾಗಿ ಹೇಳಿ ಚಪ್ಪಾಳೆ ಗಿಟ್ಟಿಸುವುದುಂಟು. ಅದರ ಹಿಂದಿನ ದೈನ್ಯವನ್ನೂ ನೋಡಬೇಕು. ಮಗುವೊಂದು ತನ್ನ ತಾಯಿಯ ಮಾತನ್ನು ಬರೆಯಲು ಕಲಿಯುವುದಕ್ಕೆ ಗುರುವೊಬ್ಬರು ಸುಳ್ಳು ಫಲಕ ಹಾಕಬೇಕಾಗಿ ಬಂದರೆ, ಆ ರಾಜ್ಯ ತನ್ನ ಪ್ರಜೆಗಳಿಗೆ ಕಲಿಸುತ್ತಿದ್ದ ಮೊದಲ ಪಾಠ ಭಯ, ಎರಡನೆಯದು ಕಪಟ. ಪಟ್ಟದ್ದೇವರ ಹಿರಿಮೆಯೆಂದರೆ ಆ ಎರಡೂ ಪಾಠಗಳನ್ನು ಮಕ್ಕಳವರೆಗೆ ಹೋಗಗೊಡದೆ ತಾವೇ ಹೊತ್ತುಕೊಂಡದ್ದು.

ಭಾಷೆಯ ಈ ಪ್ರಶ್ನೆ ಶಾಲೆಯಲ್ಲಿ ಮುಗಿಯುತ್ತಿರಲಿಲ್ಲ. ಅದು ನೇರವಾಗಿ ಹೊಲಕ್ಕೆ ಹೋಗುತ್ತಿತ್ತು. ಸಂಸ್ಥಾನದ ಭೂಮಿಯಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಸರಕಾರದ ದಿವಾನಿ ಜಮೀನು, ಸುಮಾರು ಹತ್ತು ಪಾಲು ನಿಜಾಮರ ಸ್ವಂತ ಖರ್ಚಿನ ‘ಸರ್ಫ್-ಎ-ಖಾಸ್’, ಉಳಿದ ಮೂವತ್ತು ಪಾಲು ಜಹಗೀರುದಾರರದು. ಜಹಗೀರಿನ ಹಳ್ಳಿಗಳಲ್ಲಿ ಕಂದಾಯದ ಜೊತೆಗೆ ಬಿಟ್ಟಿ ದುಡಿಮೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಡ್ಡಾಯ ಧಾನ್ಯ ಲೆವಿ ಬಂದಾಗ, ಬೆಳೆದ ಜೋಳದಲ್ಲಿ ಎಷ್ಟನ್ನು ಸರಕಾರಕ್ಕೆ ಅಳೆಯಬೇಕೆಂಬುದನ್ನು ರೈತನಿಗೆ ಓದಲು ಬಾರದ ಲಿಪಿಯ ಕಾಗದ ನಿರ್ಧರಿಸುತ್ತಿತ್ತು. ಅರ್ಜಿ, ರಸೀದಿ, ಜಮಾಬಂದಿ, ತಹಸೀಲು, ದಫ್ತರ ಎಂಬ ಪದಗಳು ಕನ್ನಡದಲ್ಲಿ ಹೇಗೋ ಬೆರೆತು ನಮ್ಮವೇ ಆಗಿವೆ. ಆದರೆ ಅಂದಿನ ರೈತನಿಗೆ ಆ ಪದಗಳು ಗೊತ್ತಿದ್ದವೇ ಹೊರತು ಆ ಕಾಗದಗಳೊಳಗೆ ಏನಿದೆಯೆಂಬುದು ಗೊತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿದವನ ಹೊಲ ಯಾರ ಹೆಸರಿಗೆ ಸೇರಿತೆಂಬುದು ಬರೆದವನಿಗೆ ಮಾತ್ರ ತಿಳಿದ ಗುಟ್ಟು. ಓದಲಾಗದ ದಾಖಲೆ ಬೆಳೆಗೆ ಬೀಳುವ ಕೀಟಕ್ಕಿಂತ ಕೆಟ್ಟದು: ಕೀಟ ಒಂದು ವರ್ಷದ ಫಸಲನ್ನು ತಿನ್ನುತ್ತದೆ, ದಾಖಲೆ ಹೊಲವನ್ನೇ ತಿನ್ನುತ್ತದೆ.

೧೯೪೭ರಲ್ಲಿ ನಿಜಾಮರು ಭಾರತ ಒಕ್ಕೂಟವನ್ನು ಸೇರಲು ಒಪ್ಪದಿದ್ದಾಗ ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ ಸತ್ಯಾಗ್ರಹ ಆರಂಭವಾಯಿತು. ವಿದ್ಯಾರ್ಥಿಗಳು ತರಗತಿಗಳನ್ನು ತೊರೆದರು. ಜನರು ಲೆವಿ ಧಾನ್ಯ ಕೊಡಲು ನಿರಾಕರಿಸಿದರು. ಅರಣ್ಯ ಕಾನೂನು ಮುರಿದರು. ಈಚಲ ಮರಗಳನ್ನು ಕಡಿದರು. ಪರಿಸರ ಚಳವಳಿಯ ಕಾರ್ಯಕರ್ತರಿಗೆ ಈ ಕೊನೆಯ ಸಂಗತಿ ಕಸಿವಿಸಿ ತರಬಹುದು. ಹೆಂಡದ ಆಬ್ಕಾರಿ ಸುಂಕ ಸಂಸ್ಥಾನದ ದೊಡ್ಡ ಆದಾಯಗಳಲ್ಲೊಂದು. ಆ ಮರದ ರಸದ ಮೇಲಿನ ಹಕ್ಕು ಸರಕಾರದ್ದಾಗಿತ್ತು. ಆದುದರಿಂದ ಕೊಡಲಿ ಬಿದ್ದುದು ಖಜಾನೆಯ ಮೇಲೆ. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಹಳ್ಳಿಗರು ಗುತ್ತಿಗೆದಾರರ ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. ೧೯೮೭ರ ನವೆಂಬರಿನಲ್ಲಿ ಕುಸನೂರಿನ ರೈತರು ಊರಿನ ಗೋಮಾಳದಲ್ಲಿ ನೆಟ್ಟ ನೀಲಗಿರಿ ಸಸಿಗಳನ್ನು ಕಿತ್ತು ಬೇರೆ ಗಿಡ ನೆಟ್ಟರು. ಒಂದೆಡೆ ಕಡಿದದ್ದು, ಒಂದೆಡೆ ಅಪ್ಪಿದ್ದು, ಮತ್ತೊಂದೆಡೆ ಕಿತ್ತದ್ದು. ಮೂರೂ ಕಡೆ ಕೇಳಿದ ಪ್ರಶ್ನೆ ಒಂದೇ: ಊರಿನ ಮರದ ವಿಷಯದಲ್ಲಿ ಊರಿನವರ ಮಾತಿಗೆ ಬೆಲೆಯಿದೆಯೆ?

ಹೈದರಾಬಾದಿನಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಲು ರಜಾಕಾರರು ಬಂದರು. ಖಾಸಿಂ ರಜ್ವಿಯ ಈ ಖಾಸಗಿ ಪಡೆಗೆ ಸರಕಾರದ ಕಣ್ಮುಚ್ಚಾಲೆಯ ಆಸರೆಯಿತ್ತು. ೧೯೪೮ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸಮೀಪದ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂಬುದು ಆ ಸೀಮೆಯ ನೆನಪು. ಸಾವಿರಾರು ಕುಟುಂಬಗಳು ಗಡಿ ದಾಟಿ ಸೊಲ್ಲಾಪುರ, ವಿಜಾಪುರಗಳ ಕಡೆಗೆ ಹೋದವು. ಆದರೆ ರಜಾಕಾರರ ಕತ್ತಿ ಒಂದೇ ಧರ್ಮದವರ ಮೇಲೆ ಬೀಳಲಿಲ್ಲ. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್, ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದದ್ದಕ್ಕಾಗಿ ೧೯೪೮ರ ಆಗಸ್ಟಿನಲ್ಲಿ ಹೈದರಾಬಾದ್ ನಗರದಲ್ಲಿ ಕೊಲೆಯಾದರು. ಆಳುವವರ ಧರ್ಮ, ಆಳುವವರ ಭಾಷೆ ಎರಡೂ ಅವರದಾಗಿದ್ದವು. ಒಪ್ಪದ ಮಾತೊಂದನ್ನು ಆಡಿದ ಕ್ಷಣ ಅವರೂ ಅಲ್ಪಸಂಖ್ಯಾತರಾದರು.

೧೯೪೮ರ ಸೆಪ್ಟೆಂಬರ್ ೧೩ರಂದು ಭಾರತೀಯ ಸೈನ್ಯ ಒಳಬಂತು. ೧೭ರಂದು ನಿಜಾಮರು ಕದನ ನಿಲ್ಲಿಸಿದರು. ಶಾಲಾ ಪುಸ್ತಕದ ಕಥೆ ಇಲ್ಲಿಗೆ ಮುಗಿಯುತ್ತದೆ. ಬೀದರದ ಕಥೆ ಮುಗಿಯುವುದಿಲ್ಲ. ಆ ವರ್ಷದ ಕೊನೆಯಲ್ಲಿ ಭಾರತ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ತಂಡ ಒಂಬತ್ತು ಜಿಲ್ಲೆಗಳನ್ನು ಸುತ್ತಿ, ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ಅನಂತರ ೨೭,೦೦೦ದಿಂದ ೪೦,೦೦೦ ಜನ ಪ್ರಾಣ ಕಳೆದುಕೊಂಡರೆಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುತೇಕರು ಮುಸ್ಲಿಮರು. ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ರೈತರು, ಕೂಲಿಗಳು, ಹೆಂಗಸರು ಅವರಲ್ಲಿದ್ದರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ತಂಡ ಗುರುತಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ ಮತ್ತು ನಾಂದೇಡ. ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ; ಸಾರ್ವಜನಿಕರು ಓದಲು ಸಾಧ್ಯವಾದುದು ೨೦೧೩ರಲ್ಲಿ. ಅದೇ ವರದಿ, ನೆರೆಯ ಮುಸ್ಲಿಂ ಕುಟುಂಬಗಳನ್ನು ತಮ್ಮ ಜೀವವನ್ನೇ ಪಣಕ್ಕಿಟ್ಟು ಕಾಪಾಡಿದ ಹಿಂದೂಗಳನ್ನು, ಮುಸ್ಲಿಂ ನೇಕಾರರ ಬೆನ್ನಿಗೆ ನಿಂತ ಹಿಂದೂ ನೇಕಾರರನ್ನು ಕೂಡ ದಾಖಲಿಸಿದೆ.

ಗೋರ್ಟಾದಲ್ಲಿ ಇಂದು ಸ್ಮಾರಕವಿದೆ, ಇರಬೇಕಾದುದೇ. ವರದಿಯ ಸಾವುಗಳಿಗೆ ಸ್ಮಾರಕವಿಲ್ಲ. ಎರಡು ನೋವುಗಳಲ್ಲಿ ಒಂದನ್ನು ಮಾತ್ರ ನೆನೆಯುವ ನಾಡು ದಬ್ಬಾಳಿಕೆಯಿಂದ ಬಿಡುಗಡೆ ಪಡೆದದ್ದಲ್ಲ, ದಬ್ಬಾಳಿಕೆಯ ಸರದಿಯನ್ನು ಬದಲಿಸಿಕೊಂಡದ್ದು ಎಂಬ ಸಂದೇಹಕ್ಕೆ ಎಡೆ ಕೊಡುತ್ತದೆ. ನೇಕಾರರ ಆ ಮಗ್ಗದ ಮನೆಗಳಿಗೆ ಬಿಡುಗಡೆಯ ನಿಜವಾದ ಅರ್ಥ ಗೊತ್ತಿತ್ತು.

ಇದು ಹಳೆಯ ಮಾತೆಂದು ತಳ್ಳಿಹಾಕುವಂತಿಲ್ಲ. ೨೦೨೦ರ ಜನವರಿಯಲ್ಲಿ ಬೀದರ ನಗರದ ಶಾಲೆಯೊಂದರ ಮಕ್ಕಳು ಪೌರತ್ವ ಕಾಯಿದೆಯನ್ನು ಟೀಕಿಸುವ ನಾಟಕ ಆಡಿದರು. ಅದರಲ್ಲಿ ಪ್ರಧಾನಿಯವರನ್ನು ಕುರಿತು ಬಂದ ಮಾತಿನ ಕಾರಣಕ್ಕೆ ರಾಜದ್ರೋಹದ ಮೊಕದ್ದಮೆ ಹೂಡಲಾಯಿತು. ಮುಖ್ಯೋಪಾಧ್ಯಾಯಿನಿಯೂ ವಿದ್ಯಾರ್ಥಿನಿಯೊಬ್ಬಳ ತಾಯಿಯೂ ಎರಡು ವಾರ ಸೆರೆಮನೆಯಲ್ಲಿದ್ದರು. ಪೊಲೀಸರು ಶಾಲೆಗೆ ಮತ್ತೆ ಮತ್ತೆ ಹೋಗಿ ಎಳೆಯ ಮಕ್ಕಳನ್ನು ಪ್ರಶ್ನಿಸಿದರು. ಸಮವಸ್ತ್ರ, ಆಯುಧಗಳೊಡನೆ ಮಕ್ಕಳ ಮುಂದೆ ಕುಳಿತದ್ದನ್ನು ೨೦೨೧ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಆಕ್ಷೇಪಿಸಿತು; ೨೦೨೩ರ ಜೂನ್‌ನಲ್ಲಿ ಮೊಕದ್ದಮೆಯನ್ನೇ ರದ್ದುಪಡಿಸಿತು. ನ್ಯಾಯಾಲಯವಿತ್ತು, ಸಂವಿಧಾನವಿತ್ತು ಎಂಬುದು ನಿಜಾಮರ ಕಾಲಕ್ಕೂ ಈ ಕಾಲಕ್ಕೂ ಇರುವ ದೊಡ್ಡ ವ್ಯತ್ಯಾಸ, ಅದನ್ನು ಕಡೆಗಣಿಸಬಾರದು. ಆದರೆ ನಾಟಕದ ಒಂದು ಮಾತು ಸರಿಯೋ ತಪ್ಪೋ ಎಂದು ಶಾಲೆಯ ಮೇಷ್ಟ್ರು ಹೇಳಿ ಮುಗಿಸಬಹುದಾಗಿದ್ದ ಸಂಗತಿಗೆ ಮೂರೂವರೆ ವರ್ಷ ಹಿಡಿಯಿತು. ಭಾಲ್ಕಿಯ ಮಠದ ಶಾಲೆಗೂ ಬೀದರದ ಈ ಶಾಲೆಗೂ ನಡುವೆ ದಾರಿ ಬಹಳ ದೂರವಿಲ್ಲ.

ಇನ್ನು ಮಲೆನಾಡಿನ ಮಾತು. ಇಲ್ಲಿ ನಿಜಾಮರಿಲ್ಲ, ರಜಾಕಾರರಿಲ್ಲ. ಹೋಲಿಕೆಯನ್ನು ಅತಿಯಾಗಿ ಎಳೆಯುವುದು ಸತ್ತವರಿಗೆ ಮಾಡುವ ಅಪಚಾರ. ಆದರೂ ಓದಲಾಗದ ಕಾಗದದ ಆಳ್ವಿಕೆ ಮಾತ್ರ ಇಲ್ಲಿಯೂ ಇದೆ. ಅಣೆಕಟ್ಟು, ಗಣಿ, ಹೆದ್ದಾರಿಗಳಂಥ ಯೋಜನೆಯೊಂದು ಬಂದಾಗ ೨೦೦೬ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ನೂರಾರು ಪುಟಗಳ ಮೂಲ ವರದಿ ಇಂಗ್ಲಿಷಿನಲ್ಲಿ. ಸ್ಥಳೀಯ ಭಾಷೆಯಲ್ಲಿ ಸಿಗಬೇಕಾದುದು ಸಾರಾಂಶ ಮಾತ್ರ. ತೋಟಕ್ಕೆ ಎಷ್ಟು ನೀರು ಕಡಿಮೆಯಾಗುತ್ತದೆಂಬ ಅಂಕಿ ಸಾರಾಂಶದಲ್ಲಿ ಇರುವುದಿಲ್ಲ. ಅದು ಅನುಬಂಧದಲ್ಲಿ ಅಡಗಿರುತ್ತದೆ. ಪಶ್ಚಿಮಘಟ್ಟ ಕುರಿತು ಮಾಧವ ಗಾಡ್ಗೀಳರ ಸಮಿತಿ ೨೦೧೧ರಲ್ಲಿ ಕೊಟ್ಟ ವರದಿಯನ್ನು ಸರಕಾರ ತಾನಾಗಿ ಹೊರಗಿಡಲಿಲ್ಲ. ನ್ಯಾಯಾಲಯ ಹೇಳಿದ ಮೇಲೆ ೨೦೧೨ರಲ್ಲಿ ಅದು ಹೊರಬಂತು, ಅದೂ ಇಂಗ್ಲಿಷಿನಲ್ಲಿ. ಗ್ರಾಮಸಭೆಗಳ ಮುಂದೆ ಚರ್ಚೆಯಾಗಬೇಕಿದ್ದ ವರದಿಯನ್ನು ಹಳ್ಳಿಗರು ಓದುವ ಮೊದಲೇ ಗಾಳಿಮಾತುಗಳು ಓದಿ ಮುಗಿಸಿದವು. ೨೦೨೦ರಲ್ಲಿ ಅಧಿಸೂಚನೆಯ ಹೊಸ ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಹೊರಟಾಗ, ಎಂಟನೆಯ ಪರಿಚ್ಛೇದದ ೨೨ ಭಾಷೆಗಳಿಗೂ ಅದನ್ನು ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಆದೇಶಿಸಿತು. ಆ ಆದೇಶವನ್ನು ಪಾಲಿಸುವ ಬದಲು ಕೇಂದ್ರ ಸರಕಾರ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಹಾಗಿದ್ದರೆ ಮಾಡಬೇಕಾದುದೇನು? ಕಾನೂನಿನಲ್ಲಿ ಈಗಾಗಲೇ ಇರುವುದನ್ನು ಪೂರ್ತಿಯಾಗಿ ಕೇಳುವುದೇ ಮೊದಲ ಹೆಜ್ಜೆ. ಅಹವಾಲು ಸಭೆಗೆ ಕನಿಷ್ಠ ಮೂವತ್ತು ದಿನಗಳ ಮುನ್ಸೂಚನೆ ಬೇಕು. ಸಭೆ ಆರಂಭಿಸಲು ಇಷ್ಟೇ ಜನ ಇರಬೇಕೆಂಬ ನಿಯಮವಿಲ್ಲ. ಆದುದರಿಂದ ಜನ ಬಾರದಿದ್ದರೆ ಸಭೆ ನಿಲ್ಲುತ್ತದೆಂದು ಮನೆಯಲ್ಲಿ ಕುಳಿತರೆ ಖಾಲಿ ಕುರ್ಚಿಗಳೇ ಒಪ್ಪಿಗೆ ಕೊಟ್ಟುಬಿಡುತ್ತವೆ. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಿದ ಮೇಲೆಯೇ ಸಹಿ ಆಗಬೇಕು. ಆ ಓದು ಮುಗಿಯುವವರೆಗೆ ಒಬ್ಬರೂ ಏಳಬಾರದು. ಅರಣ್ಯ ಹಕ್ಕು ಕಾಯಿದೆಯ ಗ್ರಾಮಸಭೆಗಾದರೆ ಅರ್ಧದಷ್ಟು ಸದಸ್ಯರ ಹಾಜರಿ, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರು ಕಡ್ಡಾಯ. ಮೂರು ತಲೆಮಾರಿನ ವಾಸಕ್ಕೆ ಕಾಗದವಿಲ್ಲದಿದ್ದರೆ ಊರಿನ ಹಿರಿಯರ ಹೇಳಿಕೆಯೂ ಸಾಕ್ಷ್ಯವೇ. ಕಾಲೇಜು ವಿದ್ಯಾರ್ಥಿಗಳು ಒಂದೊಂದು ವರದಿಯ ಒಂದೊಂದು ಅಧ್ಯಾಯವನ್ನು ಹಂಚಿಕೊಂಡು ಕನ್ನಡದಲ್ಲಿ ಬರೆದು ಊರಿನ ಕಟ್ಟೆಯ ಮೇಲೆ ಓದಿದರೆ, ಅದು ಪಟ್ಟದ್ದೇವರ ಶಾಲೆಯ ಮುಂದುವರಿಕೆಯಾಗುತ್ತದೆ. ಈಗ ಸುಳ್ಳು ಫಲಕದ ಅಗತ್ಯವಿಲ್ಲ.

ಕೊನೆಯದಾಗಿ ಕನ್ನಡಿಗರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ೧೯೫೬ರ ನವೆಂಬರ್ ೧ರಂದು ಹಳೆಯ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಕಡೆಯ ಭಾಗ ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ. ಅಂದಿನಿಂದ ಆ ನೆಲದಲ್ಲಿ ಕನ್ನಡ ಆಳುವ ಭಾಷೆ. ಔರಾದ, ಕಮಲನಗರಗಳ ಗಡಿಹಳ್ಳಿಯ ಮರಾಠಿ ಮನೆಯ ಮುದುಕಿಗೂ ಬೀದರದ ದಖ್ಖನಿ ಮಾತಿನ ಕೂಲಿಕಾರನಿಗೂ ಸರಕಾರದ ಕಾಗದ ಅರ್ಥವಾಗುತ್ತಿದೆಯೆ? ಕೇರಳ ೨೦೧೭ರಲ್ಲಿ ಮಲಯಾಳವನ್ನು ಶಾಲೆಗಳಲ್ಲಿ ಕಡ್ಡಾಯ ಮಾಡುವ ಕಾಯಿದೆ ತಂದಾಗ ಕಾಸರಗೋಡಿನ ಕನ್ನಡಿಗರ ಅಳಲಿಗೆ ಕರ್ನಾಟಕ ದನಿಗೂಡಿಸಿತು. ಕಾಸರಗೋಡಿನಲ್ಲಿ ನ್ಯಾಯವಾದುದು ಔರಾದದಲ್ಲಿಯೂ ನ್ಯಾಯವೇ. ಕನ್ನಡ ಕಲಿಯಬೇಕು, ಕಲಿಸಬೇಕು. ಆದರೆ ಭಾಲ್ಕಿಯ ನೆರಳಿನಲ್ಲಿ ಬೆಳೆದ ಭಾಷೆ ಇನ್ನೊಬ್ಬರ ಮಗುವನ್ನು ಬಾಗಿಲ ಹೊರಗೆ ನಿಲ್ಲಿಸಬಾರದು.

ಅಧಿಕಾರ ಯಾರ ಕೈಯಲ್ಲಿದ್ದರೂ ದನಿಯಿಲ್ಲದವರ ಸಾಲು ಖಾಲಿಯಾಗುವುದಿಲ್ಲ. ಅದರಲ್ಲಿ ನಿಂತವರು ಮಾತ್ರ ಬದಲಾಗುತ್ತಾರೆ. ಸೆಪ್ಟೆಂಬರ್ ೧೭ರ ಧ್ವಜದ ಕೆಳಗೆ ನಿಂತವರೂ ಅಹವಾಲು ಸಭೆಯ ಕುರ್ಚಿಗಳಲ್ಲಿ ಕುಳಿತವರೂ ಅಂದಂದಿನ ಸಾಲಿನಲ್ಲಿ ಯಾರಿದ್ದಾರೆಂದು ಹೊರಳಿ ನೋಡಿದರೆ, ಆ ದಿನದ ಆಚರಣೆಗೆ ಅರ್ಥ ಬರುತ್ತದೆ.